ತಾರೀಖು ಖಾಲಿ ಬಿಟ್ಟ ವರದಿ

ವಿಶ್ವವಿದ್ಯಾಲಯದ ಪದವಿ ಕೋರ್ಸುಗಳನ್ನು ಪರಿಶೀಲಿಸುವ ಸಮಿತಿಗೆ ನಾನು ಗುಮಾಸ್ತ. ಅವತ್ತು ತಿ. ನರಸೀಪುರದ ಕಾಲೇಜಿಗೆ ಹೊರಡುವ ಮೊದಲೇ, ಭೂವಿಜ್ಞಾನ ಕೋರ್ಸು ಮುಚ್ಚಬಹುದು ಅಂತ ವರದಿ ಟೈಪು ಮಾಡಿ ಬ್ಯಾಗಿಗೆ ಹಾಕಿಕೊಂಡಿದ್ದೆ. ನಮ್ಮಲ್ಲಿ ನಡೆಯೋದೇ ಹಾಗೆ. ತಾರೀಖಿನ ಜಾಗ ಮಾತ್ರ ಖಾಲಿ ಬಿಟ್ಟಿರುತ್ತೇವೆ.

ಆ ಕೋರ್ಸಿನಲ್ಲಿ ಉಳಿದಿದ್ದವಳು ತಲಕಾಡಿನ ಹುಡುಗಿ ಒಬ್ಬಳೇ. "ನಮ್ಮೂರ್ ತುಂಬ ಮರಳು ಸಾ. ಅದೆಲ್ಲಿಂದ ಬಂತು ಅಂತ ಓದ್ಬೇಕು, ಮುಚ್ಬೇಡಿ" ಅಂದಳು. ಸಮಿತಿಯವರು ಭೇಷ್ ಅಂದು ಊಟಕ್ಕೆ ಎದ್ದರು.

ಅವಳು ನನ್ನ ಹತ್ತಿರ ಬಂದಳು. "ನಾ ಯೋಳಿದ್ದೆಲ್ಲ ಬರ್ಕಂಡ್ರಾ ಸಾ?"

ಹೂಂ ಅಂದು, ಹಾಜರಾತಿ ಹಾಳೆಗೆ ಸಹಿ ಹಾಕಿಸಿಕೊಂಡೆ.

'ವಿದ್ಯಾರ್ಥಿಗಳ ಅಭಿಪ್ರಾಯ ಆಲಿಸಲಾಗಿದೆ' ಎಂಬ ಸಾಲೂ ವರದಿಯಲ್ಲಿ ಮೊದಲೇ ಇತ್ತು. ಸಾಕ್ಷಿಗೆ ಅವಳ ಸಹಿ ಲಗತ್ತಿಸಿದೆ.

ಹೂಂ ಅಂದಿದ್ದು ಪೂರಾ ಸುಳ್ಳೇನಲ್ಲ. ಖಾಲಿ ಬಿಟ್ಟ ಜಾಗದಲ್ಲಿ ಅವತ್ತಿನ ತಾರೀಖಂತೂ ಬರೆದೆ.