ನವಿಲುಗರಿ ಸರಿಸಿದ ಚುಕ್ಕೆ

೨೦೦೭ರ ಫೆಬ್ರುವರಿ ೧, ಗುರುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಗೋಕಾಕದ ಕಾಕಾನ ಫೋಟೋ ಸ್ಟುಡಿಯೋದಲ್ಲಿ ಕಂಪ್ಯೂಟರಿನ ಮುಂದೆ ಕುಳಿತು, ಹಿಂದಿನ ದಿನ ಮೇಲವಂಕಿಯಲ್ಲಿ ತೆಗೆದ ಕಬ್ಬಿನ ಕಟಾವಿನ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತಿದ್ದಾಗ, ಆಕಾಶದಲ್ಲಿ ನನಗೊಂದು ಚುಕ್ಕೆ ಸಿಕ್ಕಿತು. ತಾರೀಖು, ಗಂಟೆ ಬರೆದಿಡುವ ಚಟ ನನಗೆ ಸಾಲೆಯ ಕಾಲದಿಂದಲೂ ಇದೆ. ಹಾಗಾಗಿ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ಚುಕ್ಕೆ ಸಾಸಿವೆಯಷ್ಟು, ಬೂದು ಬಣ್ಣದ್ದು, ಅಂಚು ಮಾಸಿದ್ದು.

ಬೆನ್ನ ಹಿಂದೆ ನಿಂತಿದ್ದ ಕಾಕಾ ಕೇಳಿದ: "ಏ ಸುಧಾ, ಅದೇನ ಹದ್ದ ಹಾರಾಕತ್ತೈತೇನ?"

"ಎಲ್ಲಾ ಫೋಟೋದಾಗೂ ಒಂದ ಜಾಗಾದಾಗ ಹಾರಾಕತ್ತೈತ್ರಿ ಕಾಕಾ."

"ಹಂಗಾರ ಹದ್ದಲ್ಲ ಬಿಡು," ಎಂದು ಅವನು ಚಹಾ ಕುಡಿಯಲು ಹೋದ.

ಹದ್ದಲ್ಲದಿದ್ದರೆ ಮತ್ತೇನು? ಇಂಥ ಪ್ರಶ್ನೆ ಒಮ್ಮೆ ತಲೆಗೆ ಹೊಕ್ಕರೆ ನನಗೆ ಅನ್ನ ರುಚಿಸುವುದಿಲ್ಲ. ಲೆನ್ಸಿನ ಮುಂಭಾಗ ಒರೆಸಿದೆ, ಚುಕ್ಕೆ ಉಳಿಯಿತು. ಲೆನ್ಸನ್ನೇ ಬದಲಿಸಿದೆ, ಆದರೂ ಉಳಿಯಿತು. ಸುಣ್ಣ ಹೊಡೆದ ಗೋಡೆಗೆ ಕ್ಯಾಮೆರಾ ಹಿಡಿದು, ಲೆನ್ಸಿನ ಕಿಂಡಿಯನ್ನು ಆದಷ್ಟು ಕಿರಿದು ಮಾಡಿ ಕ್ಲಿಕ್ಕಿಸಿದಾಗ ಅದು ಬೊಟ್ಟಿಟ್ಟಂತೆ ಎದ್ದು ಕಂಡಿತು. ಕಿಂಡಿಯನ್ನು ಅಗಲಿಸಿದಾಗ ಕರಗಿಹೋಯಿತು. ಕೊನೆಗೆ ಕ್ಯಾಮೆರಾದ ಜೊತೆ ಬಂದ ಪುಸ್ತಕ ಓದಿ ತಿಳಿದುಕೊಂಡೆ: ಧೂಳು ಕೂತಿರುವುದು ಒಳಗೆ, ಹಿಂದೆ ರೀಲು ಇರುತ್ತಿದ್ದ ಜಾಗದಲ್ಲಿ, ಅಂಚೆ ಚೀಟಿಯಷ್ಟು ಅಗಲದ, ಮೇಲೆ ತೆಳುಗಾಜು ಹೊದ್ದ ಸೆನ್ಸರ್ ಎಂಬ ಫಲಕದ ಮೇಲೆ. ಮೇಲವಂಕಿಯ ಬಯಲಲ್ಲಿ, ಕಬ್ಬಿನ ರವದಿ, ಎಂದರೆ ಒಣ ಸೋಗೆ, ಸುಟ್ಟ ಬೂದಿ ಗಾಳಿಯಲ್ಲಿ ತೇಲುತ್ತಿದ್ದಾಗಲೇ ನಾನು ಲೆನ್ಸ್ ಬದಲಿಸಿದ್ದೆ.

ಗೆಳೆಯರೇ, ಇಲ್ಲಿ ನನಗೆ ಸೋಜಿಗವೆನಿಸಿದ್ದು ಏನು ಗೊತ್ತೆ? ಲೆನ್ಸಿನ ಮುಂದೆ ಎಷ್ಟೋ ಧೂಳಿರುತ್ತದೆ, ಅದು ಚಿತ್ರದಲ್ಲಿ ಕಾಣುವುದೇ ಇಲ್ಲ. ಬಿಂಬ ಎಲ್ಲಿ ಬೀಳುತ್ತದೆಯೋ ಅಲ್ಲಿಗೆ ಹತ್ತಿರವಾಗಿ ಕೂತ ಒಂದೇ ಒಂದು ಕಣ ಮಾತ್ರ ಆಕಾಶದಷ್ಟು ಎತ್ತರಕ್ಕೆ ಹೋಗಿ ಕೂರುತ್ತದೆ. ರೀಲಿನ ಕಾಲದಲ್ಲಿ ಪ್ರತಿ ಚಿತ್ರಕ್ಕೂ ಹೊಸ ಮೈ. ಒಂದು ಚಿತ್ರದ ಧೂಳು ಆ ಚಿತ್ರದೊಂದಿಗೇ ಸುತ್ತಿಕೊಂಡು ಹೋಗಿಬಿಡುತ್ತಿತ್ತು. ಈ ಹೊಸ ಕ್ಯಾಮೆರಾಕ್ಕೆ ಇರುವುದು ಒಂದೇ ಮೈ. ಹೊಲವನ್ನೂ ಮದುವೆಯನ್ನೂ ಮಗುವಿನ ಮೊದಲ ಹಲ್ಲನ್ನೂ ಅದೇ ನೋಡಬೇಕು, ನಿನ್ನೆಯ ಧೂಳನ್ನು ಹೊತ್ತುಕೊಂಡೇ ಇವತ್ತನ್ನು ನೋಡಬೇಕು.

ಬೇರೆ ವಾರವಾಗಿದ್ದರೆ ಈ ಸೋಜಿಗವನ್ನು ಬರೆದಿಟ್ಟು ಸುಮ್ಮನಾಗುತ್ತಿದ್ದೆ. ಆದರೆ ಆ ಭಾನುವಾರ ಹುಕ್ಕೇರಿಯಲ್ಲಿ ನಮ್ಮ ದೊಡ್ಡಾಯಿಯ, ಎಂದರೆ ನನ್ನ ಅಜ್ಜಿಯ ಅಕ್ಕನ, ಜೈನ ದೀಕ್ಷೆಯಿತ್ತು. ದೀಕ್ಷೆ ತೆಗೆದುಕೊಂಡ ಮೇಲೆ ಅವಳು ಮನೆ ಬಿಡುತ್ತಾಳೆ, ತಲೆಗೂದಲನ್ನು ಕೈಯಿಂದಲೇ ಕಿತ್ತು ಬಿಡುತ್ತಾಳೆ, ಬಿಳಿ ಸೀರೆಯುಟ್ಟು ಸಂಘದೊಂದಿಗೆ ಊರಿಂದೂರಿಗೆ ನಡೆಯುತ್ತಾಳೆ. ಆಮೇಲೆ ಅವಳು ಎಲ್ಲರಿಗೂ ಮಾತಾಜಿ, ಯಾರಿಗೂ ಅಕ್ಕನಲ್ಲ. ನನ್ನ ಅಜ್ಜಿ, ನಾವೆಲ್ಲ ಆಯಿ ಎಂದು ಕರೆಯುವವಳು, ಅಕ್ಕನ ಪಕ್ಕದಲ್ಲಿ ಕೂತು ತೆಗೆಸಿಕೊಂಡ ಫೋಟೋ ಒಂದೂ ಇರಲಿಲ್ಲ. ಇನ್ನು ಮುಂದೆ ಪಕ್ಕದಲ್ಲಿ ಕೂರುವಂತೆಯೂ ಇರಲಿಲ್ಲ. ಆಯಿ ಕಾಡಿ ಬೇಡಿದ ಮೇಲೆ ದೊಡ್ಡಾಯಿ ಫೋನಿನಲ್ಲಿ ಹೇಳಿದ್ದಳು: "ಶನಿವಾರ ಬರ್ರಿ. ಮನಿ ಹುಡಿಗಿ ಹೊಡೀಲಿ, ಹೊರಗಿನವ್ರು ಬ್ಯಾಡ. ಒಂದ ಫೋಟೋ. ಎರಡ ಅಂದ್ರ ಎದ್ದ ಹೋಗ್ತೇನಿ."

ಒಂದೇ ಫೋಟೋ. ಹಿಂದೆ ಅವರು ಹುಟ್ಟಿದ ಮನೆಯ ಬಾಗಿಲಿನ ಕೆತ್ತನೆ ಸ್ಪಷ್ಟವಾಗಿ ಬರಬೇಕೆಂದು ಆಯಿಯ ಹಟ. ಮುಖವೂ ಹಿಂದಿನ ಬಾಗಿಲೂ ಎರಡೂ ಸ್ಪಷ್ಟವಾಗಬೇಕೆಂದರೆ ಲೆನ್ಸಿನ ಕಿಂಡಿ ಕಿರಿದಾಗಲೇಬೇಕು, ಚುಕ್ಕೆ ಕಾಣಲೇಬೇಕು.

"ಕಂಪ್ಯೂಟರಿನ್ಯಾಗ ಒರಸಿದ್ರ ಆತು," ಎಂದ ಕಾಕಾ.

"ಆಕಾಶ ಆದ್ರ ಒರಸಬಹುದ್ರಿ. ಮುಖದ ಮ್ಯಾಲ ಬಂದ್ರ ಆ ಸುಕ್ಕು ಎಲ್ಲಿಂದ ತರೂದ್ರಿ?"

ಕಾಕಾ ತಲೆ ಕೆರೆದುಕೊಂಡ. "ಪುಣೆಕ್ಕ ರಿಪೇರಿಗಿ ಕಳಿಸಿದ್ರ ತಿಂಗಳಾಕ್ಕೈತಿ. ನೀನ ನೋಡವಾ. ಆದ್ರ ಆ ಗಾಜಿಗಿ ಗೀರ ಬಿತ್ತಂದ್ರ, ದೊಡ್ಡಾಯಿ ಬದ್ಲಿ ನಾನ ದೀಕ್ಷಾ ತಗೋಬೇಕಾಕ್ಕೈತಿ."

ಸಂಜೆಯ ಬಸ್ಸಿಗೆ ಕ್ಯಾಮೆರಾವನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಮೂಡಲಗಿಯ ಮನೆಗೆ ಬಂದೆ. ಪಡಸಾಲೆಯಲ್ಲಿ ಆಯಿ ಮೊರದ ತುಂಬ ನವಿಲುಗರಿ ಹರವಿಕೊಂಡು ಕೂತಿದ್ದಳು. ನವಿಲು ತಾನಾಗಿ ಉದುರಿಸಿದ ಗರಿಗಳವು. ತೋಟದ ಬದುಗಳಿಂದ ಆಯ್ದು ತಂದವು. ಅವುಗಳನ್ನು ಕಟ್ಟಿ ಪಿಂಛಿ ಮಾಡುತ್ತಾರೆ. ದೀಕ್ಷೆಯ ದಿನ ದೊಡ್ಡಾಯಿಯ ಕೈಗೆ ಬರುವ ಪಿಂಛಿಗೆ ತಾನೇ ಗರಿ ಆರಿಸಿ ಕೊಡಬೇಕೆಂದು ಆಯಿ ವಾರದಿಂದ ಅದೇ ಕೆಲಸದಲ್ಲಿದ್ದಳು. ಕೂರುವ ಮೊದಲು, ಪುಸ್ತಕ ತೆಗೆದಿಡುವ ಮೊದಲು, ಅಲ್ಲಿರುವ ಸಣ್ಣ ಜೀವಕ್ಕೆ ನೋವಾಗದಂತೆ ಅದರಿಂದ ಮೆಲ್ಲಗೆ ಸವರುತ್ತಾರೆ. ಆ ಗರಿಯ ಗುಣಗಳನ್ನು ಚಿಕ್ಕವಳಿದ್ದಾಗಲೇ ಬಾಯಿಪಾಠ ಮಾಡಿದ್ದೆ: ಹಗುರ, ಮೃದು, ಕಣ್ಣೊಳಗೆ ಆಡಿಸಿದರೂ ನೋಯಿಸದು, ಬೆವರು ಹಿಡಿಯದು, ಧೂಳು ಹಿಡಿಯದು.

ಧೂಳು ಹಿಡಿಯದು! ಗೀರುವುದಿಲ್ಲ, ಕೊಳೆಯಾಗುವುದಿಲ್ಲ; ಇದಕ್ಕಿಂತ ಬೇರೆ ಕುಂಚ ಯಾಕೆ ಬೇಕು? ನನ್ನ ತರ್ಕಕ್ಕೆ ನಾನೇ ತಲೆದೂಗಿದೆ. ಆಯಿ ಬೇಡವೆಂದು ಬದಿಗಿಟ್ಟ ಮೊಂಡು ಗರಿಯೊಂದನ್ನು ಕೇಳಿ ಇಸಿದುಕೊಂಡೆ.

ಶುಕ್ರವಾರ ಬೆಳಿಗ್ಗೆ, ಎಲ್ಲರ ಸ್ನಾನ ಮುಗಿದ ಮೇಲೆ, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಒದ್ದೆ ಗಾಳಿಯಲ್ಲಿ ಧೂಳು ಹಾರುವುದಿಲ್ಲ, ಅದಕ್ಕೆ. ಬ್ಯಾಟರಿ ಪೂರ್ತಿ ತುಂಬಿತ್ತು. ನಡುವೆ ಅದು ಸತ್ತರೆ ಒಳಗಿನ ಪರದೆ ಪಟ್ಟನೆ ಗರಿಯ ಮೇಲೆಯೇ ಮುಚ್ಚಿಕೊಳ್ಳುತ್ತದೆ. ಲೆನ್ಸ್ ತೆಗೆದು ಗುಂಡಿ ಒತ್ತಿದೆ. ಕನ್ನಡಿ ಮೇಲೆದ್ದಿತು, ಪರದೆ ಸರಿಯಿತು. ಆಳದಲ್ಲಿ ಆ ಪುಟ್ಟ ಫಲಕ ನೇರಳೆಗೂ ಹಸಿರಿಗೂ ನಡುವಿನ ಬಣ್ಣದಲ್ಲಿ ಮಿನುಗಿತು. ಕೈಯಲ್ಲಿದ್ದ ಗರಿಯ ಕಣ್ಣಿಗೂ ಅದೇ ಬಣ್ಣ. ಅರೆಗಳಿಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡಂತಾಯಿತು. ಬಿಂಬ ಒಳಗೆ ತಲೆಕೆಳಗಾಗಿ ಬೀಳುವುದರಿಂದ ಆಕಾಶದ ಚುಕ್ಕೆಯನ್ನು ನೆಲದ ಅಂಚಿನಲ್ಲಿ ಹುಡುಕಬೇಕು. ಹುಡುಕಿ, ಉಸಿರು ಬಿಗಿಹಿಡಿದು, ಗರಿಯ ಎಳೆಯನ್ನು ಒಮ್ಮೆ ಆಡಿಸಿದೆ.

ಹೊರಗೆ ಬಂದು ಗೋಡೆಯ ಚಿತ್ರ ತೆಗೆದೆ. ಒಂದು ಚುಕ್ಕೆ ಇದ್ದಲ್ಲಿ ನಾಲ್ಕಿದ್ದವು. ಆಕಾಶದಲ್ಲಿದ್ದದ್ದು ಕೆಳಗಿಳಿದು ನಡುಮಧ್ಯದಲ್ಲಿ, ಮುಖ ಬರುವ ಜಾಗದಲ್ಲಿ, ಕಾಲು ಚಾಚಿ ಕೂತಿತ್ತು.

ನನ್ನ ಮುಖ ನೋಡಿಯೇ ಆಯಿ ಕೇಳಿದಳು: "ಏನಾತ?"

"ಒಂದ ಇದ್ದದ್ದು ನಾಕ ಆದವು ಆಯಿ."

ಆಯಿ ಗರಿಯನ್ನು ಕೈಯಿಂದ ತೆಗೆದುಕೊಂಡು ನಕ್ಕಳು. "ಹುಚ್ಚಿ, ಪಿಂಛಿ ಇರೂದ ಯಾತಕ್ಕ? ಇರುವೆ ಬಳದು ಹೊರಗ ಒಗ್ಯಾಕೇನ? ಬಾಜೂಕ ಸರಸಾಕ. ಅದು ಯಾರನ್ನೂ ಹಿಡ್ಯೂದಿಲ್ಲ, ಯಾರನ್ನೂ ಒಯ್ಯೂದಿಲ್ಲ. ಇಲ್ಲಿಂದ ಅಲ್ಲಿ ಕುಂಡರಸ್ತೈತಿ ಅಷ್ಟ."

ಹೌದಲ್ಲ! ಧೂಳು ಹಿಡಿಯದ ವಸ್ತು ಧೂಳನ್ನು ಎತ್ತುವುದು ಹೇಗೆ? ಯಾವ ಗುಣವನ್ನು ನಂಬಿ ಅದನ್ನು ಆರಿಸಿದ್ದೆನೋ ಆ ಗುಣವೇ ನನ್ನ ಕೆಲಸಕ್ಕೆ ಅಡ್ಡವಾಗಿತ್ತು. ಅದರ ಕರುಣೆ ಎಲ್ಲರಿಗೂ ಸಮನಾದದ್ದು. ಇರುವೆಯನ್ನು ಉಳಿಸಿದಂತೆಯೇ ಬೂದಿಯ ಕಣವನ್ನೂ ಉಳಿಸಿ, ಒಳ್ಳೆಯ ಜಾಗ ನೋಡಿ ಕೂರಿಸಿತ್ತು. ಶುಚಿ ಮಾಡುವುದೆಂದರೆ ನಾವು ಅಂದುಕೊಳ್ಳುವುದು ತೆಗೆದುಹಾಕುವುದೆಂದೇ. ಕಸಬರಿಗೆಯ ಕೆಲಸವೇ ಬೇರೆ, ಪಿಂಛಿಯ ಕೆಲಸವೇ ಬೇರೆ ಎಂಬುದು, ಎರಡನ್ನೂ ಹುಟ್ಟಿದಾಗಿನಿಂದ ನೋಡಿದ ನನಗೆ, ಒಂದು ಕ್ಯಾಮೆರಾ ಕೆಡಿಸುವವರೆಗೆ ಹೊಳೆದಿರಲಿಲ್ಲ.

ಮಧ್ಯಾಹ್ನ ಔಷಧದ ಅಂಗಡಿಯಿಂದ ಕಿವಿ ತೊಳೆಯುವ ರಬ್ಬರ್ ಬುರುಡೆ ತಂದೆ. ಒಮ್ಮೆ ಕೈ ಸುಟ್ಟುಕೊಂಡವಳು. ಮೊದಲು ಆಯಿಯ ಕಪ್ಪು ಛತ್ರಿಯ ಮೇಲೆ ಅಮುಕಿ ನೋಡಿದೆ. ಫುಸ್ಸೆಂದು ಬಿಳಿ ಪುಡಿ ಬಿತ್ತು. ಹೊಸ ರಬ್ಬರು ಅಂಟದಿರಲೆಂದು ಒಳಗೆ ಹಾಕಿದ್ದು. ತೊಳೆದು, ಬಿಸಿಲಿಗೆ ಒಣಗಿಸಿ, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ, ಉದುರುವುದು ನೆಲಕ್ಕೇ ಉದುರಲೆಂದು ಹಿಡಿದು ಊದಿದೆ. ಮೂರು ಹೋದವು. ನಡುವಿಂದ ತುಸು ಮೇಲೆ, ಎಡಕ್ಕೆ ಸರಿದು, ಮೊದಲಿನದೇ ಉಳಿಯಿತು. ಎಷ್ಟು ಊದಿದರೂ ಕದಲಲಿಲ್ಲ.

"ಅದ್ಯಾಕ ಹೋಗವಲ್ದು ಆಯಿ?"

"ಧೂಳ ಎಲ್ಲಾ ಕಡೆ ಇರತೈತಿ ತಂಗಿ. ಅಂಟ ಇದ್ದಲ್ಲೆ ಕುಂಡರತೈತಿ. ಬಸದ್ಯಾಗ ಹೇಳೂದೂ ಅದನ್ನ, ನಿನ್ನ ಕ್ಯಾಮೆರಾದಾಗೂ ಅದ." ಆಮೇಲೆ ಗರಿಗಳ ಕಡೆ ತಿರುಗಿ, ತನ್ನಷ್ಟಕ್ಕೆ ಅಂದಳು: "ನಮ್ಮಕ್ಕನ ಅಂಟ ಹರೀತು. ನಂದ ಹರೀವಲ್ದು ನೋಡು."

ಶನಿವಾರ ಘಟಪ್ರಭಾ ದಾಟಿ ಹುಕ್ಕೇರಿ ಮುಟ್ಟಿದಾಗ ಬಿಸಿಲು ಅಂಗಳಕ್ಕೆ ಇಳಿದಿತ್ತು. ಬಾಗಿಲಿನ ಮುಂದೆ ಚಾಪೆ ಹಾಸಿ ಇಬ್ಬರನ್ನೂ ಕೂರಿಸಿದೆ. ಚುಕ್ಕೆ ಬೀಳುವ ಜಾಗ ನನಗೆ ಬಾಯಿಪಾಠವಾಗಿತ್ತು. ಅದು ಇಬ್ಬರ ನಡುವಿನ ಖಾಲಿ ಜಾಗದಲ್ಲಿ ಬೀಳಲೆಂದು, ಆಮೇಲೆ ಒರೆಸಿದರಾಯಿತೆಂದು, ದೊಡ್ಡಾಯಿಯನ್ನು ತುಸು ಅತ್ತ, ಆಯಿಯನ್ನು ತುಸು ಇತ್ತ ಸರಿಯಿರೆಂದೆ. ಅರವತ್ತೆಂಟರ ದೊಡ್ಡಾಯಿಯ ತಲೆ ಇನ್ನೂ ಕಪ್ಪಗಿತ್ತು. ಎಣ್ಣೆ ಹಚ್ಚಿ ತುರುಬು ಕಟ್ಟಿದ್ದಳು, ಕೊನೆಯ ಸಲ.

"ಯಾಕ ಹಿಂಗ ದೂರ ದೂರ ಸರಸಾಕತ್ತಿ?" ಎಂದಳು ದೊಡ್ಡಾಯಿ.

ಇದ್ದದ್ದನ್ನು ಇದ್ದಂತೆ ಹೇಳಿದೆ: ಒಳಗೊಂದು ಕಣ ಅಂಟಿದೆ, ಹೋಗುತ್ತಿಲ್ಲ, ನಿಮ್ಮಿಬ್ಬರ ನಡುವೆ ಅದಕ್ಕೆ ಜಾಗ ಮಾಡುತ್ತಿದ್ದೇನೆ.

"ನಾಳಿಂದ ಹೆಂಗೂ ದೂರನ ಕುಂಡ್ರೂದೈತಿ," ಎಂದ ದೊಡ್ಡಾಯಿ ಚಾಪೆಯ ಮೇಲೆ ಜರುಗಿ, ತಂಗಿಯ ಭುಜಕ್ಕೆ ಭುಜ ಹಚ್ಚಿ ಕೂತು, ತಲೆಯನ್ನು ಆಯಿಯ ಕಡೆಗೆ ವಾಲಿಸಿದಳು. "ಹೂಂ, ಹೊಡಿ. ಎಲ್ಲಿ ಬೀಳತೈತಿ ಬೀಳಲಿ."

ಹೊಡೆದೆ. ಒಂದೇ.

ಸೋಮವಾರ ಗೋಕಾಕದಲ್ಲಿ ಆ ಚಿತ್ರವನ್ನು ತೆರೆದು, ಎದೆ ಗಟ್ಟಿ ಮಾಡಿಕೊಂಡು ಚುಕ್ಕೆ ಹುಡುಕಿದೆ. ಇಬ್ಬರ ಮುಖದ ಮೇಲೂ ಇರಲಿಲ್ಲ, ಹಿಂದಿನ ಬಾಗಿಲಿನ ಮೇಲೂ ಇರಲಿಲ್ಲ. ಲೆಕ್ಕ ಹಾಕಿ ನೋಡಿದೆ: ಅದು ದೊಡ್ಡಾಯಿಯ ಕೂದಲಲ್ಲಿ, ಕಪ್ಪಿನಲ್ಲಿ ಕಪ್ಪಾಗಿ, ಅಡಗಿ ಕೂತಿತ್ತು. ಆ ಹೊತ್ತಿಗೆ ಆ ಕೂದಲು ಇರಲಿಲ್ಲ. ಹಿಂದಿನ ದಿನ, ಎಲ್ಲರೂ ನೋಡುತ್ತಿದ್ದಂತೆ, ಅವಳು ಅದನ್ನು ಹಿಡಿ ಹಿಡಿಯಾಗಿ ಬಿಟ್ಟುಕೊಟ್ಟಿದ್ದಳು. ಮುಖದಲ್ಲಿ ನೋವು ಕಾಣಲಿಲ್ಲ. ಆಯಿ ಆರಿಸಿದ ಗರಿಗಳ ಪಿಂಛಿ ಅವಳ ಕೈಗೆ ಬಂದಾಗ, ಅವಳು ಮೊದಲು ಮಾಡಿದ್ದು ತಾನು ಕೂರುವ ಜಾಗವನ್ನು ಮೆಲ್ಲಗೆ ಸವರಿದ್ದು.

ಈಗಲೂ ಬಿಳಿ ಗೋಡೆಗೆ ಕ್ಯಾಮೆರಾ ಹಿಡಿದರೆ ನಡುವಿಂದ ತುಸು ಮೇಲೆ, ಎಡಕ್ಕೆ, ಆ ಚುಕ್ಕೆ ಇದ್ದೇ ಇದೆ. ಮೊದಲು ಅದನ್ನು ಕಂಡಾಗ ಹದ್ದೋ ಬೂದಿಯೋ ಎಂದು ಹುಡುಕಿದ್ದೆ. ಈಗ ಕಂಡಾಗ ಎಣ್ಣೆ ಹಚ್ಚಿದ ಒಂದು ತುರುಬು ನೆನಪಾಗುತ್ತದೆ. ಆದರೂ ಕಾಕಾನ ಗಿರಾಕಿಗಳಿಗೆ ಆ ನೆನಪಿಲ್ಲವಲ್ಲ, ಅವರಿಗೆ ಅದು ಬರೀ ಕಲೆ. ಹಾಗಾಗಿ ಓದುವವರಲ್ಲಿ ಒಂದು ಕೇಳಿಕೆ: ಊದಿದರೆ ಹೋಗದ, ಗಾಜಿಗೆ ಅಂಟಿಕೊಂಡ ಕಣವನ್ನು ಗೀರು ಬೀಳದಂತೆ ತೆಗೆಯುವ ಬಗೆ ಬಲ್ಲವರಿದ್ದರೆ, ಏನು ಹಚ್ಚಬೇಕು, ಯಾವ ಬಟ್ಟೆ, ಎಷ್ಟು ಒತ್ತಬೇಕು ಎಂಬುದನ್ನು ಬರೆದು ತಿಳಿಸಿ. ಇದನ್ನು ಆಯಿಗೆ ಓದಿ ತೋರಿಸಿದೆ. ಆ ಫೋಟೋವನ್ನು ಮಡಿಲಲ್ಲಿಟ್ಟುಕೊಂಡೇ ಕೇಳಿದ ಅವಳು, ಇನ್ನೊಂದು ಮಾತು ಸೇರಿಸು ಎಂದಳು: "ಅವಸರ ಏನಿಲ್ಲ ಅಂತ ಬರಿ."