ಓರ್ಲಿನ್ ಕಥೆ ಮುಗಿಸುವಷ್ಟರಲ್ಲಿ

ಓರ್ಲಿನ್ ಟ್ವೇಟ್‌ನಂಥವನ ಜೊತೆ ಬಾಳ್ವೆ ಮಾಡಿದವಳಿಗೆ ಸ್ವರ್ಗದಲ್ಲಿ ಕಿಟಕಿ ಪಕ್ಕದ ಕುರ್ಚಿ ಕಾದಿರಿಸಿರುತ್ತಾರೆ ಎಂದು ನಮ್ಮ ಚರ್ಚಿನ ಹೆಂಗಸರು ಅವನ ಹೆಂಡತಿ ಆರ್ಡಿಸ್‌ಗೆ ಸಮಾಧಾನ ಹೇಳುತ್ತಿದ್ದರು. ಆರ್ಡಿಸ್‌ಗೆ ಅದರಲ್ಲೂ ನೆಮ್ಮದಿ ಕಾಣುತ್ತಿರಲಿಲ್ಲ. ಇವತ್ತಲ್ಲ ನಾಳೆ ಈ ಮನುಷ್ಯನೂ ಅಲ್ಲಿಗೆ ಬರುತ್ತಾನೆ, ಪಕ್ಕದ ಕುರ್ಚಿಯಲ್ಲಿ ಕೂರುತ್ತಾನೆ, ತಾನು ಸತ್ತದ್ದು ಹೇಗೆ ಎಂಬುದನ್ನು ಹುಟ್ಟಿದ ದಿನದಿಂದ ಹೇಳಲು ಶುರು ಮಾಡುತ್ತಾನೆ ಎಂಬುದೇ ಅವಳ ಚಿಂತೆ.

ಮನುಷ್ಯ ಕೆಟ್ಟವನೇನಲ್ಲ. ಕುಡಿಯುವುದಿಲ್ಲ, ಹೆಂಡತಿಯ ಮೇಲೆ ಒಂದು ದಿನವೂ ದನಿ ಏರಿಸಿದವನಲ್ಲ, ಹೊಲದ ಕೆಲಸದಲ್ಲಿ ಎತ್ತಿದ ಕೈ. ಅವನಿಗಿದ್ದ ರೋಗ ಒಂದೇ. ಹೇಳಬೇಕಾದ ಮಾತನ್ನು ಮೊದಲು ಹೇಳಲಾರ. ಅದರ ಸುತ್ತ ಏಳು ಸುತ್ತಿನ ಕೋಟೆ ಕಟ್ಟಿ, ಒಂದೊಂದೇ ಬಾಗಿಲು ತೆರೆಯುತ್ತ, ಒಂದೊಂದು ಬಾಗಿಲಲ್ಲೂ ನಿಂತು ಸುಧಾರಿಸಿಕೊಳ್ಳುತ್ತ, ಕೇಳುವವರು ಮೈ ಪರಚಿಕೊಳ್ಳುವ ಹೊತ್ತಿಗೆ ಒಳಗಿನದನ್ನು ತೆಗೆದು ತೋರಿಸುತ್ತಾನೆ. ಮಧ್ಯೆ ಬಾಯಿ ಹಾಕಿದರೆ ಮುಗಿಯಿತು. ಕೋಪ ಮಾಡಿಕೊಳ್ಳುವುದಿಲ್ಲ, ಸುಮ್ಮನೆ ಮೊದಲಿನ ಬಾಗಿಲಿಗೆ ವಾಪಸು ಹೋಗಿ ನಿಂತುಬಿಡುತ್ತಾನೆ.

ಅಂಗಡಿಬೀದಿಯ ಕಾಫಿ ಹೋಟೆಲಿನಲ್ಲಿ ಇದೇ ರೋಗಕ್ಕೆ ಕಲೆ ಎಂದು ಹೆಸರು. ಚಳಿಗಾಲದ ಬೆಳಗ್ಗೆ ಕೆಲಸವಿಲ್ಲದ ರೈತರೆಲ್ಲ ಅವನ ಮೇಜಿನ ಸುತ್ತ ಸೇರುತ್ತಿದ್ದರು. ಕಥೆ ಇನ್ನೇನು ತುದಿಗೆ ಬಂತು ಎನ್ನುವಾಗ ಓರ್ಲಿನ್ ಒಂದು ಸಕ್ಕರೆ ಉಂಡೆ ತೆಗೆದು ಹಲ್ಲುಗಳ ನಡುವೆ ಇಟ್ಟುಕೊಂಡು, ಅದರ ಮೂಲಕ ಕಾಫಿ ಹೀರಲು ತೊಡಗುತ್ತಿದ್ದ. ನಮ್ಮ ಹಳಬರೆಲ್ಲ ಕಾಫಿ ಕುಡಿಯುವುದು ಹಾಗೆಯೇ, ಆದರೆ ಯಾರ ಸಕ್ಕರೆಯೂ ಅಷ್ಟು ನಿಧಾನವಾಗಿ ಕರಗಿದ್ದಿಲ್ಲ. ಗಂಡಸರು ಕಪ್ಪು ಎತ್ತಿದವರು ಎತ್ತಿದಂತೆಯೇ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಆಮೇಲೆ ಅವನು ಆ ಕೊನೆಯ ಮಾತು ಹೇಳಿದಾಗ ಹೋಟೆಲಿಗೆ ಹೋಟೆಲೇ ನಗುತ್ತಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಹೋಟೆಲಿನವರು ಕೇಳಿ ಎದ್ದುಹೋಗುತ್ತಾರೆ, ಮನೆಯಲ್ಲಿ ಇವನ ಜೊತೆ ಇರಬೇಕಾದವಳು ಆರ್ಡಿಸ್.

ಒಂದು ಬೇಸಿಗೆಯಲ್ಲಿ ಅಡುಗೆಮನೆಗೆ ಬಂದವನು, "ಆ ಬಿಳಿ ಪಾದದ ಬೆಕ್ಕು ಗೊತ್ತಲ್ಲ, ನಿಮ್ಮ ಚಿಕ್ಕಪ್ಪ ತಂದುಕೊಟ್ಟಿದ್ದು?" ಎಂದು ಶುರು ಮಾಡಿದ. ಚಿಕ್ಕಪ್ಪ ಬಂದದ್ದು, ಬೆಕ್ಕನ್ನು ಬುಟ್ಟಿಯಲ್ಲಿ ತಂದದ್ದು, ಅದು ಇಲಿ ಹಿಡಿಯಲು ಕಲಿತದ್ದು ಎಲ್ಲ ಆಯಿತು. ಇವತ್ತು ಆ ಬೆಕ್ಕು ಬಾಲ ಸುಟ್ಟುಕೊಂಡು ಹುಲ್ಲಿನ ಕೊಟ್ಟಿಗೆಯಿಂದ ಹೊರಗೆ ಓಡಿಬಂತು ಎಂಬಲ್ಲಿಗೆ ಬರುವಷ್ಟರಲ್ಲಿ ಹೊಗೆ ಅಡುಗೆಮನೆಯ ಕಿಟಕಿಗೇ ಬಂದಿತ್ತು. ಅರ್ಧ ಕೊಟ್ಟಿಗೆ ಬೂದಿಯಾಯಿತು. ಅದನ್ನೂ ಅವನು ಆಮೇಲೆ ಕಥೆ ಮಾಡಿ ಹೇಳಿದ, ಅದಕ್ಕೂ ಜನ ನಕ್ಕರು.

ಇಂಥವನನ್ನು ಆರ್ಡಿಸ್ ಆ ಡಿಸೆಂಬರಿನಲ್ಲಿ ತನ್ನ ತಂಗಿ ಮರ್ನಾಳ ಮನೆಗೆ ರಾಯಭಾರಕ್ಕೆ ಕಳಿಸಿದಳು. ಬೇರೆ ಯಾರಿದ್ದರು ಕಳಿಸಲು?

ಅಕ್ಕತಂಗಿ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಕಾರಣ ಒಂದು ಲಟ್ಟಣಿಗೆ. ಲೆಫ್ಸ ಲಟ್ಟಿಸುವ, ಮೈತುಂಬ ಗೀರುಗಳಿರುವ ಲಟ್ಟಣಿಗೆ. ಆಲೂಗಡ್ಡೆ ಬೇಯಿಸಿ, ಒತ್ತಿ, ಹಿಟ್ಟಿಗೆ ಕಲಸಿ, ಹೋಳಿಗೆಗಿಂತ ತೆಳ್ಳಗೆ ಲಟ್ಟಿಸಿ ಸುಡುವ ರೊಟ್ಟಿ ಅದು. ಲೆಫ್ಸ ಇಲ್ಲದಿದ್ದರೆ ನಮ್ಮಲ್ಲಿ ಕ್ರಿಸ್‌ಮಸ್ಸೇ ಇಲ್ಲ. ಅದು ಇಬ್ಬರ ಕೆಲಸ, ಒಬ್ಬಳು ಲಟ್ಟಿಸಬೇಕು, ಇನ್ನೊಬ್ಬಳು ಉದ್ದನೆಯ ಕಡ್ಡಿಯಲ್ಲಿ ಎತ್ತಿ ಕಾವಲಿಗೆ ಹಾಕಿ ಮಗುಚಬೇಕು. ಚಿಕ್ಕಂದಿನಿಂದಲೂ ಲಟ್ಟಿಸುವವಳು ಮರ್ನಾ, ಸುಡುವವಳು ಆರ್ಡಿಸ್.

ತಾಯಿ ತೀರಿಕೊಂಡಾಗ ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ ನಡೆದಿತ್ತು. ಆರ್ಡಿಸ್ ಮನೆಯಿಂದ ತಂದಿದ್ದ ಅಮ್ಮನ ಆ ಲಟ್ಟಣಿಗೆಯನ್ನು ತಂಗಿಯ ಮುಂದೆ ಹಿಡಿದು, "ಇದು ನಿಂದು, ತಗೊಂಡು ಹೋಗು" ಅಂದಳು. "ಬೇಡ, ನಿನ್ನ ಹತ್ರಾನೇ ಇರ್ಲಿ" ಅಂದಳು ಮರ್ನಾ. "ತಗೊಳ್ಳೇ" ಅಂದಳು ಆರ್ಡಿಸ್. "ಬೇಡ ಬೇಡ, ನಾನೇನ್ ಮಾಡ್ಲಿ ಅದನ್ನ" ಅಂದಳು ಮರ್ನಾ. ಆಗಲೇ ಪಾದ್ರಿಯ ಹೆಂಡತಿ ಬಂದು, ಕಾಫಿ ಸಾಲುತ್ತದೋ ಇಲ್ಲವೋ ನೋಡು ಬಾ ಎಂದು ಆರ್ಡಿಸ್‌ಳ ತೋಳು ಹಿಡಿದು ಎಳೆದುಕೊಂಡು ಹೋದಳು. ತಿರುಗಿ ಬರುವಷ್ಟರಲ್ಲಿ ಮರ್ನಾ ಕಾರು ಹತ್ತಿ ಹೋಗಿಯಾಗಿತ್ತು.

ನಮ್ಮ ಕಡೆಯ ರಿವಾಜು ಗೊತ್ತಿದ್ದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಮೊದಲ ಸಲ ಕೇಳಿದಾಗಲೇ ಹೂಂ ಅಂದವನು ಆಸೆಬುರುಕ, ಎರಡನೇ ಸಲಕ್ಕೆ ಅಂದವನು ಮನೆಯಲ್ಲಿ ಗತಿಯಿಲ್ಲದವನು. ಮೂರನೇ ಸಲ, "ಅಷ್ಟೊಂದು ಹೇಳೋದಾದ್ರೆ ಸರಿ" ಎಂದು ತಲೆ ತಗ್ಗಿಸಿ ಒಪ್ಪಿಕೊಂಡವನೇ ಮರ್ಯಾದಸ್ಥ. ಅಮ್ಮನ ವಸ್ತುವನ್ನೇ ಬೇಡ ಅಂದಳಲ್ಲ ಎಂದು ಆರ್ಡಿಸ್ ಕೊರಗಿದಳು. ಎರಡೇ ಸಲ ಕೇಳಿ ಬಾಯಿ ಮುಚ್ಚಿದಳು, ಕೊಡುವ ಮನಸ್ಸೇ ಇರಲಿಲ್ಲ ಎಂದು ಮರ್ನಾ ಕೊರಗಿದಳು. ಇಬ್ಬರೂ ಬಾಯಿಬಿಟ್ಟು ಜಗಳ ಆಡಿದ್ದರೆ ಒಂದು ವಾರಕ್ಕೆ ಮುಗಿಯುತ್ತಿತ್ತು. ಜಗಳ ಆಡುವುದು ನಮ್ಮವರಿಗೆ ಬರುವುದಿಲ್ಲ, ಸಭ್ಯವಾಗಿ ಸುಮ್ಮನಿರುವುದು ಬರುತ್ತದೆ.

ಅಲ್ಲಿಂದೀಚೆಗೆ ಆರ್ಡಿಸ್ ಒಬ್ಬಳೇ ಲಟ್ಟಿಸಿ ಒಬ್ಬಳೇ ಸುಡುತ್ತಿದ್ದಳು. ಒಂದು ಹರಿಯುತ್ತಿತ್ತು, ಒಂದು ಸೀಯುತ್ತಿತ್ತು. ಈಗ ಮಣಿಕಟ್ಟು ಬೇರೆ ಹಿಡಿದುಕೊಂಡಿತ್ತು. ಈ ವರ್ಷವೂ ಮರ್ನಾ ಬರದಿದ್ದರೆ ಇನ್ನು ಅವಳು ಬರುವುದು ತನ್ನ ಮಣ್ಣಿಗೇ ಎಂದು ಆರ್ಡಿಸ್‌ಗೆ ಖಚಿತವಾಗಿ ಅನ್ನಿಸಿಬಿಟ್ಟಿತ್ತು. ಅದಕ್ಕೇ ಲಟ್ಟಣಿಗೆಯನ್ನು ಟವಲಿನಲ್ಲಿ ಸುತ್ತಿ ಗಂಡನ ಕೈಗಿಟ್ಟಳು.

"ಇದನ್ನ ಕೊಡು. ಲೆಫ್ಸ ಮಾಡೋಕೆ ಬಾ ಅಂತ ಹೇಳು. ಮೂರು ಸಲ ಕೇಳ್ಬೇಕು, ಗೊತ್ತಾಯ್ತಾ? ಮೂರು."

"ಗೊತ್ತಾಯ್ತು" ಅಂದ ಓರ್ಲಿನ್.

"ಬೆಕ್ಕಿನ ಕಥೆ ಹೇಳ್ಬೇಡ."

ಮರ್ನಾಳ ಊರು ನದಿಯಾಚೆ, ಪಕ್ಕದ ಡಕೋಟಾ ರಾಜ್ಯದ ಒಳಗೆ. ಬೆಳಗ್ಗೆ ಹೋದವನು ಊಟದ ಹೊತ್ತಿಗೆ ಬರಬೇಕಿತ್ತು. ಆಗಿನ್ನೂ ಜೇಬಿನಲ್ಲಿ ಫೋನು ಇಟ್ಟುಕೊಂಡು ತಿರುಗುವ ಕಾಲವಲ್ಲ. ಆರ್ಡಿಸ್ ಆಲೂಗಡ್ಡೆ ಒತ್ತಿದಳು, ಹಿಟ್ಟು ಅಳೆದಿಟ್ಟಳು, ಕಿಟಕಿಗೆ ಹೋದಳು, ಬಂದಳು. ನಾಲ್ಕೂವರೆಗೆಲ್ಲ ಹೊರಗೆ ಕಪ್ಪಾಯಿತು. ಕಡೆಗೆ ಟ್ರಕ್ಕಿನ ಸದ್ದು ಕೇಳಿತು, ಕೊಟ್ಟಿಗೆಯ ಪಕ್ಕಕ್ಕೆ ಹೋಗಿ ನಿಂತಿತು. ಓರ್ಲಿನ್ ಬೂಟಿನ ಹಿಮ ಒದರಿಕೊಂಡು ಒಳಗೆ ಬಂದ. ಕೈ ಖಾಲಿ.

"ಲಟ್ಟಣಿಗೆ ಎಲ್ಲಿ?"

"ಅಲ್ಲಿಗೇ ಬರ್ತಾ ಇದೀನಿ" ಎಂದು ಅವನು ಕುರ್ಚಿ ಎಳೆದುಕೊಂಡ. "ಬೆಳಗ್ಗೆ ನಾನು ಹೊರಟೆನಲ್ಲ, ಟ್ರಕ್ಕು ಸ್ಟಾರ್ಟೇ ಆಗ್ಲಿಲ್ಲ."

"ಅವಳು ತಗೊಂಡ್ಲಾ?"

ಓರ್ಲಿನ್ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡ. ಆಮೇಲೆ, "ಬೆಳಗ್ಗೆ ನಾನು ಹೊರಟೆನಲ್ಲ" ಅಂದ.

ಆರ್ಡಿಸ್ ನಾಲಿಗೆ ಕಚ್ಚಿಕೊಂಡಳು. ತಪ್ಪು ತನ್ನದೇ. ಕಾಫಿ ಬಗ್ಗಿಸಿ ಅವನ ಮುಂದಿಟ್ಟು, ಎರಡು ಕೈಯನ್ನೂ ಏಪ್ರನ್ನಿನ ಕೆಳಗೆ ಹೆಣೆದುಕೊಂಡು ನಿಂತಳು. ಟ್ರಕ್ಕು ಸ್ಟಾರ್ಟ್ ಆಯಿತು. ರಸ್ತೆಯಲ್ಲಿ ಜಿಂಕೆ ಅಡ್ಡ ಬಂತು. ಆ ಜಿಂಕೆ ನೋಡಿದರೆ ಹೋದ ಸಲ ಸೇತುವೆ ಹತ್ತಿರ ಕಂಡ ಜಿಂಕೆಯ ಹಾಗೇ ಇತ್ತು, ಆದರೆ ಅದು ಇದಲ್ಲ, ಯಾಕೆಂದರೆ ಅದಕ್ಕೆ ಕಿವಿ ಹರಿದಿತ್ತು. ಆರ್ಡಿಸ್‌ಗೆ ಜಗತ್ತಿನ ಜಿಂಕೆಗಳ ಮೇಲೆಲ್ಲ ದ್ವೇಷ ಹುಟ್ಟಿತು. ಗಂಡನ ಮುಖ ನೋಡಿ ಏನಾದರೂ ತಿಳಿಯುತ್ತದೋ ಎಂದು ಹುಡುಕಿದಳು. ಆ ಮುಖದಲ್ಲಿ ಜಿಂಕೆಯ ಹೊರತು ಏನೂ ಇರಲಿಲ್ಲ.

ನಾಯಿ ಬಿಂಗೋ ಬಾಗಿಲ ಹತ್ತಿರ ಹೋಗಿ ಕುಂಯ್‌ಗುಟ್ಟಿತು, ಬಾಗಿಲು ಕೆರೆಯಿತು.

"ಇದಕ್ಕೇನು ಬಂತು? ಅಂಗಳದ ದೀಪ ಹಾಕ್ತೀನಿ ತಾಳು" ಎಂದು ಆರ್ಡಿಸ್ ಸ್ವಿಚ್ಚಿನ ಕಡೆ ಕೈ ಚಾಚಿದಳು.

"ಈಗ್ಲೇ ಹಾಕ್ಬೇಡ" ಅಂದ ಓರ್ಲಿನ್. "ದೀಪ ಆಮೇಲೆ ಬರುತ್ತೆ."

"ದೀಪ ಏನು ಆಮೇಲೆ ಬರೋದು?"

"ನೀನು ಮಧ್ಯೆ ಮಧ್ಯೆ ಕೇಳಿದ್ರೆ ನಂಗೆ ದಾರಿ ತಪ್ಪುತ್ತೆ. ಸರಿ. ಜಿಂಕೆ ದಾಟ್ತು. ನದಿ ದಾಟಿ ಪೆಟ್ರೋಲ್ ಬಂಕಿಗೆ ಹೋದೆ. ಅಲ್ಲಿದ್ದವನು ನಂಗೊಂದು ಮಾತು ಹೇಳಿದ." ಎಂದವನೇ ಓರ್ಲಿನ್ ಸಕ್ಕರೆ ಉಂಡೆ ತೆಗೆದು ಹಲ್ಲುಗಳ ನಡುವೆ ಇಟ್ಟುಕೊಂಡು ಕಾಫಿ ಹೀರತೊಡಗಿದ.

ಗೋಡೆಯ ಗಡಿಯಾರ ಟಿಕ್ ಟಿಕ್ ಎಂದಿತು. ನಾಯಿ ಇನ್ನೊಂದು ಸಲ ಕೆರೆಯಿತು. ಸಕ್ಕರೆ ಕರಗಲೇ ಇಲ್ಲ. ಆರ್ಡಿಸ್‌ಳ ಒಳಗೆ ಇಷ್ಟು ವರ್ಷ ಸಭ್ಯವಾಗಿ ಮಡಿಸಿಟ್ಟಿದ್ದದ್ದೆಲ್ಲ ಒಂದೇ ಸಲಕ್ಕೆ ಮೇಲೆದ್ದಿತು. ಕೈಗೆ ಸಿಕ್ಕ ಮರದ ಚಮಚವನ್ನು ಮೇಜಿಗೆ ಕುಟ್ಟಿದಳು.

"ಊಫ್ ದಾ, ಸಾಕಪ್ಪಾ ಸಾಕು, ಓರ್ಲಿನ್. ನಿನ್ನ ಜಿಂಕೆ ಹಾಳಾಗಿ ಹೋಗ್ಲಿ, ನಿನ್ನ ಬಂಕು ಹಾಳಾಗಿ ಹೋಗ್ಲಿ. ನನ್ನ ತಂಗಿ ಬರ್ತಾಳೋ ಇಲ್ವೋ, ಅದೊಂದು ಹೇಳು ಮಾರಾಯ. ಬರಲ್ಲ ಅಂದ್ಲಾ? ಬರಲ್ಲ ಅಂತಾದ್ರೂ ಹೇಳು. ನಂಗೆ ಇನ್ನು ಕಾಯೋ ಶಕ್ತಿ ಇಲ್ಲ."

ಏಪ್ರನ್ನಿನ ಅಂಚಿನಿಂದ ಕಣ್ಣೊರೆಸಿಕೊಂಡಳು. ಮದುವೆಯಾದಾಗಿನಿಂದ ಗಂಡನೆದುರು ಅವಳು ಹೀಗೆ ಅತ್ತದ್ದಿಲ್ಲ. ಓರ್ಲಿನ್ ಗಾಬರಿಯಾಗಿ ಸಕ್ಕರೆಯನ್ನು ಕರುಂ ಎಂದು ಕಡಿದುಬಿಟ್ಟ. ಆದರೆ ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ?

"ಆರ್ಡಿಸ್, ಅದನ್ನೇ ಹೇಳ್ತಾ ಇದೀನಿ" ಅಂದ. "ಬೆಳಗ್ಗೆ ನಾನು ಹೊರಟೆನಲ್ಲ."

ಆಗ ಅಂಗಳದಿಂದ ಟ್ರಕ್ಕಿನ ಹಾರನ್ನು ಕೇಳಿತು. ಒಂದು ಸಲ ಒತ್ತಿ ಬಿಟ್ಟದ್ದಲ್ಲ. ಯಾರೋ ಮೊಣಕೈಯೂರಿ ಅದರ ಮೇಲೆಯೇ ಕೂತಂತೆ ಒಂದೇ ಸಮನೆ ಕೂಗಿತು.

"ಟ್ರಕ್ಕಲ್ಲಿ ಯಾರಿದಾರೆ?" ಅಂದಳು ಆರ್ಡಿಸ್.

ಓರ್ಲಿನ್ ಕಪ್ಪು ಕೆಳಗಿಟ್ಟ. ಬೇಯುತ್ತಿದ್ದ ಅಡುಗೆಯನ್ನು ಯಾರೋ ಹಸಿಯಾಗಿಯೇ ಇಳಿಸಿಬಿಟ್ಟಂತೆ ಅವನ ಮುಖ ಸಪ್ಪಗಾಗಿತ್ತು. "ಅದನ್ನ ಕೊನೇಲಿ ಹೇಳೋಣ ಅಂತಿದ್ದೆ" ಅಂದ. "ಮೊದಲು ನೀನು ಹೋಗಿ ಕೇಳು, ನನ್ನ ಸೇರಿಸ್ಕೋತಾಳೆ ಅಂದ್ರೆ ಅಂಗಳದ ದೀಪ ಹಾಕು, ಇಲ್ದಿದ್ರೆ ಸದ್ದಿಲ್ದೆ ವಾಪಸ್ ಬಿಟ್ಟು ಬಾ ಅಂದ್ಲು."

ಆರ್ಡಿಸ್ ಕೋಟು ಹಾಕಲಿಲ್ಲ, ಬೂಟು ಹಾಕಲಿಲ್ಲ. ದೀಪದ ಸ್ವಿಚ್ಚಿಗೆ ಒಂದು ಏಟು ಕೊಟ್ಟು, ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ ಹಿಮಕ್ಕೆ ಇಳಿದಳು. ಹಾರನ್ನು ನಿಂತಿತು. ಪೆಟ್ರೋಲು ಉಳಿಸಲೆಂದು ಓರ್ಲಿನ್ ಎಂಜಿನ್ನು ಆರಿಸಿ ಕೀಲಿ ಜೇಬಿಗೆ ಹಾಕಿಕೊಂಡು ಬಂದಿದ್ದ. ಒಳಗೆ ಮರ್ನಾ ಹಳೆಯ ಕಂಬಳಿ ಹೊದ್ದು ಮುದುಡಿ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತೊಡೆಯ ಮೇಲೆ ಟವಲಿನಲ್ಲಿ ಸುತ್ತಿದ ಲಟ್ಟಣಿಗೆ ಇತ್ತು. ಅವಳು ಗಾಜನ್ನು ನಾಲ್ಕು ಬೆರಳಿನಷ್ಟು ಇಳಿಸಿದಳು.

"ಎಲ್ಲಿವರೆಗೆ ಬಂದಿದ್ದ?" ಅಂದಳು.

"ಪೆಟ್ರೋಲ್ ಬಂಕು."

"ಅಷ್ಟೇನಾ?" ಮರ್ನಾಳ ಹಲ್ಲು ಕಟಕಟ ಎನ್ನುತ್ತಿತ್ತು. "ನೀನು ಹೇಗಿದೀಯ ಅಂತ ನಾನು ಮನೆ ಬಾಗಿಲಲ್ಲಿ ಕೇಳಿದೆ. ಹೇಳ್ತೀನಿ ಬಾ ಅಂದ. ಊರು ಬಂತು, ಅವನ ಕಥೇಲಿ ನೀನಿನ್ನೂ ಆಲೂಗಡ್ಡೆ ಅಗೀತಾನೇ ಇದ್ದೆ."

ಆರ್ಡಿಸ್‌ಗೆ ಒಳಗಿನಿಂದ ಏನೋ ಉಕ್ಕಿ ಬಂತು. ಅಳು ಎಂದುಕೊಂಡಿದ್ದಳು, ನಗು ಬಂತು. ಟ್ರಕ್ಕಿನ ಬಾಗಿಲು ಹಿಡಿದುಕೊಂಡು ನಕ್ಕಳು. ಮರ್ನಾಳೂ ಕಂಬಳಿಯೊಳಗೆ ಕುಲುಕಿ ಕುಲುಕಿ ನಕ್ಕಳು. ಅಷ್ಟು ನಕ್ಕರೂ ಇಬ್ಬರೂ ಇದ್ದಲ್ಲಿಯೇ ಇದ್ದರು, ಒಬ್ಬಳು ಹೊರಗೆ, ಒಬ್ಬಳು ಒಳಗೆ.

"ಒಳಗೆ ಬಾ" ಅಂದಳು ಆರ್ಡಿಸ್.

"ಬೇಡ ಬಿಡು, ನಿಂಗ್ಯಾಕೆ ತೊಂದ್ರೆ. ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ."

"ಬಾರೇ, ಬಿಸಿ ಕಾಫಿ ಇದೆ."

"ಬೇಡ ಬೇಡ, ಇಲ್ಲೇ ಚೆನ್ನಾಗಿದೀನಿ." ತುಟಿ ನೀಲಿಗಟ್ಟಿತ್ತು.

ಹಿಂದೆ ಮನೆಯ ಬಾಗಿಲು ತೆರೆಯಿತು. "ಆರ್ಡಿಸ್, ಚಪ್ಪಲಿ ನೆನೀತು ನೋಡು. ಒಂದು ನಿಮಿಷ ಬಾ ಇಲ್ಲಿ" ಎಂದು ಓರ್ಲಿನ್ ಕೂಗಿದ. "ಆ ಬಂಕಿನವನು ಏನಂದ ಅಂತ ಹೇಳೋದೇ ಉಳೀತು."

ಮರ್ನಾಳ ನಗು ಅಲ್ಲಿಗೇ ನಿಂತಿತು. ಅವಳು ಅಕ್ಕನ ಮುಖವನ್ನೇ ನೋಡುತ್ತಿದ್ದಳು. ಆರ್ಡಿಸ್ ತಿರುಗಲಿಲ್ಲ. ಬೆನ್ನ ಹಿಂದೆ ಕೈ ಬೀಸಿ, "ನೀನು ಸ್ವಲ್ಪ ಬಾಯಿ ಮುಚ್ಕೊಂಡಿರು ಮಾರಾಯ, ನಂದಿನ್ನೂ ಮುಗಿದಿಲ್ಲ" ಅಂದಳು. ಆಮೇಲೆ ಟ್ರಕ್ಕಿನ ಬಾಗಿಲನ್ನು ಎರಡೂ ಕೈಯಿಂದ ಎಳೆದು ತೆರೆದಳು.

"ಮರ್ನಾ, ಒಳಗೆ ಬಾ."

"ಅಷ್ಟೊಂದು ಹೇಳೋದಾದ್ರೆ ಸರಿ" ಅಂದಳು ಮರ್ನಾ. ಒಂದು ಕಾಲನ್ನು ಆಗಲೇ ಹೊರಗೆ ಇಟ್ಟಿದ್ದಳು.