ಹಸಿರು ಹೊತ್ತಿನ ಹನಿಯಣ್ಣ

ಬೀದಿದೀಪಗಳು ಇನ್ನೂ ಆರಿಲ್ಲ. ಹಿಂಬಾಗಿಲಿನ ಬೀಗ ತೆಗೆದು ಬಾರಿನೊಳಗೆ ಬರುವ ಹನಿಯಣ್ಣ ಮೊದಲು ಕಿಟಕಿಗಳನ್ನೆಲ್ಲ ತೆರೆದು ನಿನ್ನೆಯ ಹೊಗೆವಾಸನೆಯನ್ನು ಹೊರಗಟ್ಟುತ್ತಾರೆ. ಮೇಜುಗಳ ಮೇಲೆ ತಲೆಕೆಳಗಾಗಿ ಕೂತ ಕುರ್ಚಿಗಳನ್ನು ಒಂದೊಂದಾಗಿ ಇಳಿಸುತ್ತಾರೆ. ಆಮೇಲೆ ಮೂಲೆಯ ದುಂಡು ಮೇಜಿಗೆ ಬಂದು, ಖಾಲಿ ಗ್ಲಾಸೊಂದರ ಮೇಲೆ ತೂತುತೂತಿನ ಚಪ್ಪಟೆ ಚಮಚವನ್ನು ಅಡ್ಡ ಇಟ್ಟು, ಅದರ ಮೇಲೆ ಸಕ್ಕರೆಯ ಅಚ್ಚೊಂದನ್ನು ಕೂರಿಸುತ್ತಾರೆ. ಉದ್ದ ಮೂತಿಯ ಹೂಜಿಯನ್ನು ಬಲಗೈಯಲ್ಲಿ ಎತ್ತಿ, ಉಸಿರು ಬಿಗಿಹಿಡಿದು ಬಗ್ಗಿಸುತ್ತಾರೆ. ಒಂದು ಹನಿ. ಇನ್ನೊಂದು ಹನಿ. ಅಷ್ಟರಲ್ಲಿ ಕೈ ನಡುಗಿ ನೀರು ದಬಕ್ಕೆಂದು ಬೀಳುತ್ತದೆ, ಸಕ್ಕರೆ ಜಾರಿ ಗ್ಲಾಸಿನ ತಳ ಸೇರುತ್ತದೆ.

"ಇವತ್ತೂ ನಿನಗೆ ನಿದ್ದೆ ಬಿಟ್ಟಿಲ್ಲ ಬಿಡು," ಎಂದು ತಮ್ಮ ಕೈಗೇ ಹೇಳಿ, ಆ ಸಿಹಿನೀರನ್ನು ಚಹಾಕ್ಕೆಂದು ಎತ್ತಿಡುತ್ತಾರೆ. ಎರಡನೆಯ ಗ್ಲಾಸಿಗೆ ಕೈ ಸ್ವಲ್ಪ ಮಾತು ಕೇಳುತ್ತದೆ. ಮೂರನೆಯದರಲ್ಲಿ ಸಕ್ಕರೆ ಕದಲದೆ ಕೂತು ಮೆಲ್ಲಗೆ ಕರಗುತ್ತದೆ. ನೋಡಲು ಗಿರಾಕಿಗಳು ಯಾರೂ ಇಲ್ಲ. ಹನಿಯಣ್ಣ ಮಾತ್ರ ಆ ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದು ಸಣ್ಣ ಮಕ್ಕಳ ಹಾಗೆ ನಗುತ್ತಾರೆ.

ಈ ಬಾರು ಹೆಸರು ಮಾಡಿರುವುದು ಅಬ್ಸಿಂತ್ ಎಂಬ ಹಸಿರು ಮದ್ಯಕ್ಕೆ. ಮಾಚಿಪತ್ರೆಯ ಜಾತಿಯ ಒಂದು ಕಹಿ ಗಿಡ, ಸೋಂಪಿನ ಬಗೆಯ ಬೀಜಗಳು ಸೇರಿ ಆಗುವ ಘಾಟು ಪಾನೀಯ. ಅದನ್ನು ಹಾಗೆಯೇ ಎತ್ತಿ ಗಂಟಲಿಗೆ ಸುರಿದುಕೊಳ್ಳುವಂತಿಲ್ಲ. ತಣ್ಣೀರು ಸಕ್ಕರೆಯ ಮೇಲೆ ಹನಿಹನಿಯಾಗಿ ಬಿದ್ದು, ಚಮಚದ ತೂತುಗಳಿಂದ ಇಳಿದು, ಹಸಿರು ಬಣ್ಣ ನಿಧಾನಕ್ಕೆ ಹಾಲಿನಂತೆ ಮಸುಕಾಗಬೇಕು. ಇದಕ್ಕೆ ಇಲ್ಲಿಯವರು 'ಮೋಡ ಕಟ್ಟುವುದು' ಎನ್ನುತ್ತಾರೆ. ಮೋಡ ಸರಿಯಾಗಿ ಕಟ್ಟಲಿಲ್ಲವೋ, ದುಂಡು ಮೇಜಿನವರ ಮುಖದಲ್ಲೇ ಕಟ್ಟುತ್ತದೆ.

ದುಂಡು ಮೇಜಿನವರ ಬಗ್ಗೆ ಹೇಳದೆ ಹನಿಯಣ್ಣನ ಕತೆ ಮುಂದೆ ಹೋಗದು. ಸಂಜೆ ಐದಕ್ಕೆ ಶುರುವಾಗುವ 'ಹಸಿರು ಹೊತ್ತಿಗೆ' ತಪ್ಪದೆ ಹಾಜರಾಗುವವರು ಮೂವರು: ಹಲ್ಲಿನ ಡಾಕ್ಟರು, ನಿವೃತ್ತರಾದ ಭೂಗೋಳದ ಮೇಡಂ ಮತ್ತು ಪಿಯಾನೊಗಳಿಗೆ ಶ್ರುತಿ ಕೂಡಿಸುವ ಒಬ್ಬ ಸಣಕಲು ಮನುಷ್ಯ, ಎಲ್ಲರ ಬಾಯಲ್ಲಿ 'ಶ್ರುತಿಯವರು'. ಐದಕ್ಕೆ ಮೊದಲು ಗ್ಲಾಸು ಮುಟ್ಟುವವರು ಮೇಡಂ ಕಣ್ಣಲ್ಲಿ ಕುಡುಕರು, ಐದರ ಮೇಲೆ ಮುಟ್ಟುವವರು ರಸಿಕರು. ಹನಿ ಬೀಳುವ ಸದ್ದಿನಲ್ಲೇ ಅವಸರ ಗೊತ್ತಾಗುತ್ತದೆ ಎಂದು ಶ್ರುತಿಯವರು ಕಣ್ಣು ಮುಚ್ಚಿ ಕೂರುತ್ತಾರೆ. ಸಕ್ಕರೆಗೆ ಬೆಂಕಿ ಹಚ್ಚಿ ನೀಲಿ ಜ್ವಾಲೆ ತೋರಿಸಿ ಎಂದು ಯಾರಾದರೂ ಹೊಸಬರು ಕೇಳಿದರೆ, "ಬೆಂಕಿ ನೋಡ್ಬೇಕಾ? ಸರ್ಕಸ್ಸಿಗೆ ಹೋಗಿ" ಎಂದು ಡಾಕ್ಟರು ಹುಬ್ಬು ಕೂಡ ಹಾರಿಸದೆ ಹೇಳುತ್ತಾರೆ.

ಆ ಡಾಕ್ಟರು ಎಲ್ಲರಿಗಿಂತ ಒಂದು ಕೈ ಮೇಲು. ಹನಿಯಣ್ಣ ಮಾಡಿಕೊಟ್ಟ ಗ್ಲಾಸನ್ನು ಒಂದೇ ಸಂಜೆ ಮತ್ತೆ ಮತ್ತೆ ವಾಪಸು ಕಳಿಸಿದ ದಾಖಲೆ ಅವರದು. ಒಮ್ಮೆ ಪಕ್ಕದ ಮೇಜಿನವನೊಬ್ಬ ತಾನೇ ಹೂಜಿ ಎತ್ತಿ ನೀರು ಹಾಕಿಕೊಳ್ಳಲು ಹೋದಾಗ ಎದ್ದು ನಿಂತು, "ಸ್ವಂತ ಕೈಲಿ ಸುರ್ಕೊಳ್ಳೋರು ಬೀದಿ ನಲ್ಲೀಲಿ ಕುಡೀಬಹುದು. ಇಲ್ಲಿ ಹನಿ ಹಾಕೋದಕ್ಕೆ ಅಂತಲೇ ಒಂದು ಕೈ ಇದೆ" ಎಂದು ಇಡೀ ಬಾರಿಗೆ ಕೇಳುವಂತೆ ಗದರಿದ್ದರು. ಹೊಗಳಿಕೆ ಎಂದು ಹನಿಯಣ್ಣನಿಗೆ ಅವರಿಂದ ಸಿಕ್ಕಿದ್ದು ಅಷ್ಟೇ. ಅದೂ ಬೇರೆಯವರನ್ನು ಬೈಯುವ ಭರದಲ್ಲಿ.

ಮೂವತ್ತು ವರ್ಷಗಳ ಹಿಂದೆ ಹನಿಯಣ್ಣ ಇಲ್ಲಿಗೆ ಬಂದದ್ದು ಬಾಟಲಿ ತೊಳೆಯಲು. ಅಪ್ಪ ತೀರಿಹೋಗಿದ್ದರು, ಮನೆಯಲ್ಲಿ ಹಾಸಿಗೆ ಹಿಡಿದ ಅಮ್ಮ, ಮದುವೆಗೆ ಬಂದ ತಂಗಿ. ಬಿಸಿನೀರು, ಸೋಡಾಪುಡಿಗಳಲ್ಲಿ ಬೆರಳಿನ ಚರ್ಮ ಕಿತ್ತುಬರುತ್ತಿತ್ತು. ಆಗಿದ್ದ ಮುದಿ ಪರಿಚಾರಕರು ಒಂದು ದಿನ ಕರೆದು ಹೂಜಿ ಕೈಗೆ ಕೊಟ್ಟರು. "ಮೊದಲ್ನೇ ದಿನ ಗ್ಲಾಸೆಲ್ಲ ಕೆರೆ ಮಾಡಿದ್ದೆ. ಅವರು ಬೈಲಿಲ್ಲ. ನಿನ್ನ ತಂಗಿ ನಿದ್ದೆ ಮಾಡ್ತಿದ್ದಾಳೆ, ಅವಳಿಗೆ ಎಚ್ಚರ ಆಗದ ಹಾಗೆ ನೀರು ಬಗ್ಗಿಸು ಅಂದ್ರು. ಅಷ್ಟೇ, ಕೈ ಪಳಗಿಬಿಡ್ತು." ಎಲ್ಲರಿಗೂ ಹನಿಯಣ್ಣನಾದರು; ನಿಜವಾದ ಹೆಸರು ಅಂದಿನಿಂದ ಸಂಬಳದ ದಿನಕ್ಕಷ್ಟೇ ಬೇಕಾಯಿತು. ಹಸಿರು ಹೊತ್ತಿನಲ್ಲಿ ಇಪ್ಪತ್ತು ಮೂವತ್ತು ಗ್ಲಾಸು, ರಜೆಯ ದಿನ ಅದರ ಎರಡರಷ್ಟು. ಆ ದುಡಿಮೆಯಲ್ಲೇ ತಂಗಿಯ ಮದುವೆ ಆಯಿತು, ತಾವು ಮದುವೆಯಾದರು, ಮಗಳು ಓದಿ ಬಸ್ಸು ಓಡಿಸುವ ಕೆಲಸ ಹಿಡಿದಳು. ಅಬ್ಸಿಂತನ್ನು ಅವರು ಕುಡಿದದ್ದು ಒಂದೇ ಸಲ. "ಕೆಮ್ಮಿನ ಔಷಧಿ ಸ್ವಾಮಿ ಅದು! ಇದಕ್ಕಾ ಇಷ್ಟೆಲ್ಲ ಜಗಳ ಅನ್ನಿಸ್ತು. ಆದ್ರೆ ಮೋಡ ಕಟ್ಟೋದು ನೋಡೋಕೆ ನನಗೆ ಇವತ್ತಿಗೂ ಬೇಜಾರಿಲ್ಲ."

ದರ್ಜಿಯ ಅಂಗಡಿಯಲ್ಲಿ ಕಾಜಾ ಹೊಲಿಯುವ ಹೆಂಡತಿಗೆ ಈ ಕಸುಬು ಸದಾ ತಮಾಷೆ. "ಊರಿಗೆಲ್ಲ ಹನಿಹನಿ. ಮನೇಲಿ ಸ್ನಾನಕ್ಕೆ ಹೋದ್ರೆ ಮಾತ್ರ ಡ್ರಮ್ಮು ಖಾಲಿ."

ಕಳೆದ ವರ್ಷ ಆ ಕೈ ನಡುಗತೊಡಗಿತು. ಮೊದಮೊದಲು ಹೆಬ್ಬೆರಳು ಮಾತ್ರ. ನಂತರ ಸಾಸರಿನ ಮೇಲೆ ಕಪ್ಪು ಕಟಕಟ ಅನ್ನತೊಡಗಿತು. ನರದ ಡಾಕ್ಟರು ಮಾತ್ರೆ ಬರೆದುಕೊಟ್ಟು, ಇದು ಹತೋಟಿಯಲ್ಲಿ ಇರುತ್ತದೆ, ಹೋಗುವುದಿಲ್ಲ ಎಂದರು. ಹೆಂಡತಿ ಸಾಸರುಗಳನ್ನು ಅಟ್ಟಕ್ಕೆ ಹಾಕಿ ದಪ್ಪ ಲೋಟ ತಂದಿಟ್ಟರು. ಗಂಡನ ಅಂಗಿಗಳಿಗೆಲ್ಲ ಒಳಗಿನಿಂದ, ಒತ್ತಿದರೆ ಸಾಕು ಕೂಡಿಕೊಳ್ಳುವ ಒತ್ತುಗುಂಡಿ ಹೊಲಿದು, ಹೊರಗೆ ಕಾಣುವಂತೆ ಹಳೆಯ ಗುಂಡಿಗಳನ್ನೇ ಉಳಿಸಿದರು. ಬಾರಿನ ಯಜಮಾನಿಯೂ ಕೆಟ್ಟವರಲ್ಲ, ಆದರೆ ವ್ಯಾಪಾರ ನೋಡಬೇಕಲ್ಲ. ನಾಲ್ಕು ನಲ್ಲಿಗಳಿರುವ ದೊಡ್ಡ ಗಾಜಿನ ಜಾಡಿಯೊಂದನ್ನು ತರಿಸಿ, "ಇನ್ಮೇಲೆ ಇದೇ ಹನಿ ಹಾಕುತ್ತೆ. ನೀವು ಉಗ್ರಾಣ ನೋಡ್ಕೊಳ್ಳಿ" ಎಂದರು. ಉಗ್ರಾಣಕ್ಕೆ ಕಿಟಕಿಯಿಲ್ಲ. "ಸಂಬಳ ಅಷ್ಟೇ ಇತ್ತು. ಆದ್ರೆ ಆ ಕತ್ತಲೇಲಿ ಮೋಡ ಎಲ್ಲಿ ಕಟ್ಟುತ್ತೆ?" ಎನ್ನುತ್ತಾರೆ ಹನಿಯಣ್ಣ. ವಾರದ ಕೊನೆಯವರೆಗೆ ಸಮಯ ಕೇಳಿಕೊಂಡರು.

ಆ ವಾರದಲ್ಲೇ ಅದು ನಡೆದದ್ದು. ಹಲ್ಲಿನ ಡಾಕ್ಟರ ಗ್ಲಾಸಿಗೆ ಹನಿ ಹಾಕುತ್ತಿದ್ದಾಗ ಮಣಿಕಟ್ಟು ಅದುರಿ ಅರ್ಧ ಹೂಜಿ ನೀರು ಒಮ್ಮೆಲೇ ಸುರಿಯಿತು. ಗ್ಲಾಸು ಉಕ್ಕಿ, ಮೇಜಿನ ಬಟ್ಟೆ ನೆನೆದು, ಡಾಕ್ಟರ ಪ್ಯಾಂಟಿಗೂ ಹರಿಯಿತು. ಶ್ರುತಿಯವರು ಕಣ್ಣು ಬಿಟ್ಟರು. ಮೇಡಂ ಕಿಟಕಿಯ ಕಡೆ ತಿರುಗಿದರು. ಡಾಕ್ಟರು ಆ ನೀರುನೀರು ಗ್ಲಾಸನ್ನು ಎತ್ತಿ, ಒಂದು ಗುಟುಕು ಕುಡಿದು, "ಚೆನ್ನಾಗಿದೆ" ಎಂದರು.

"ಅದೊಂದು ಮಾತಿಗೆ ನಾನು ಹೂಜಿ ಕೆಳಗಿಟ್ಟುಬಿಟ್ಟೆ," ಎನ್ನುತ್ತಾರೆ ಹನಿಯಣ್ಣ. "ಇಷ್ಟು ವರ್ಷದಲ್ಲಿ ಒಂದ್ಸಲಾನೂ ಚೆನ್ನಾಗಿದೆ ಅನ್ನದ ಮನುಷ್ಯ. ಬೈದಿದ್ರೆ ತಡ್ಕೋತಿದ್ದೆ. ಮನೆಗೆ ಹೋಗಿ, ನಾಳೆಯಿಂದ ಹೋಗಲ್ಲ ಕಣೇ ಅಂದೆ. ಅವಳು, ಒಂದು ಸಾರಿ ಹೋಗಿ ಹೇಳಿಯಾದ್ರೂ ಬನ್ನಿ, ಕಳ್ಳನ ಹಾಗೆ ಬಿಡೋದು ಬೇಡ ಅಂದ್ಲು."

ಹೇಳಿಬರಲು ಹೋದವರನ್ನು ದುಂಡು ಮೇಜಿನವರು ಬಾಯಿ ತೆರೆಯಲು ಬಿಟ್ಟರೆ ತಾನೆ. ಡಾಕ್ಟರು ಆಗಲೇ ಎದ್ದು ನಿಂತು ಭಾಷಣ ಹೊಡೆಯುತ್ತಿದ್ದರು. ಬೇರೆಯವರ ಕೈಯಿಂದ ನೀರು ಹಾಕಿಸಿಕೊಳ್ಳುವುದು ಶುದ್ಧ ಅನಾಗರಿಕತೆ. ನಿಜವಾದ ರಸಿಕರು ತಮ್ಮ ಹನಿಯನ್ನು ತಾವೇ ಹಾಕಿಕೊಳ್ಳಬೇಕು. ಪಕ್ಕದಲ್ಲಿ ಬಲ್ಲವರೊಬ್ಬರು ನಿಂತು ನೋಡಬೇಕು, ಅವರು ತಲೆಯಾಡಿಸುವ ತನಕ ಗ್ಲಾಸು ಮುಟ್ಟುವಂತಿಲ್ಲ. ಯಾವ ವಿಷಯದಲ್ಲೂ ಒಮ್ಮತಕ್ಕೆ ಬಾರದ ಮೇಡಂ ಮತ್ತು ಶ್ರುತಿಯವರು, "ಹೌದೌದು, ಮೊದಲಿಂದಲೂ ಹಾಗೇ" ಎಂದು ಒಟ್ಟಿಗೆ ತಲೆದೂಗಿದರು. ನಲ್ಲಿಯ ಜಾಡಿಯನ್ನು ಕಂಡು ಮೂವರೂ ಒಟ್ಟಿಗೆ ಮೂಗು ಮುರಿದರು. ಯಜಮಾನಿ ಅವರ ಮುಖಗಳನ್ನೊಮ್ಮೆ, ಹನಿಯಣ್ಣನ ಮುಖವನ್ನೊಮ್ಮೆ ನೋಡಿ ಜಾಡಿಯನ್ನು ಎತ್ತಿಸಿದರು. ಈಗ ಅದು ಬಾಗಿಲ ಬಳಿ ಹೂವು ಹೊತ್ತು ನಿಂತಿದೆ.

ಹೊಸ ನಿಯಮ ಚೆನ್ನಾಗಿಯೇ ಬೇರುಬಿಟ್ಟಿದೆ. ಹನಿ ಹಾಕಿಕೊಡಿ ಎಂದು ಪರಿಚಾರಕರನ್ನು ಕೇಳುವ ಹೊಸಬರನ್ನು ಈಗ ಅಕ್ಕಪಕ್ಕದ ಮೇಜಿನವರೂ ಕನಿಕರದಿಂದ ನೋಡುತ್ತಾರೆ. ತಮಾಷೆಯೆಂದರೆ ನಿಯಮ ಮಾಡಿದವರ ಕೈಯೇ ಪಳಗಿಲ್ಲ. ಹಲ್ಲು ಕೀಳುವಾಗ ಅಲುಗದ ಡಾಕ್ಟರ ಕೈ ಹೂಜಿ ಹಿಡಿದರೆ ತೋಟಕ್ಕೆ ನೀರು ಬಿಡುತ್ತದೆ. ಹನಿಯಣ್ಣ ಅವರ ಭುಜದ ಹಿಂದೆ ನಿಂತು, ನಡುಗುವ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ನಿಧಾನ ಡಾಕ್ಟ್ರೇ, ನಿಧಾನ" ಎನ್ನುತ್ತಾರೆ. ನಿನ್ನೆ ಸಂಜೆ ತಲೆಯಾಡಿಸಲಿಲ್ಲ. ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿ, "ಇದು ಮುಳುಗಿತು. ಇನ್ನೊಂದು ಹಾಕಿ" ಎಂದು ವಾಪಸು ಇಟ್ಟರು. ಡಾಕ್ಟರ ಕಿವಿ ಕೆಂಪಾಯಿತು, ಆದರೂ ಇನ್ನೊಂದು ಹಾಕಿಕೊಂಡರು. ಮೇಡಂ ಕರವಸ್ತ್ರದಲ್ಲಿ ನಗು ಮುಚ್ಚಿಕೊಂಡರು.

ನಿಯಮ ಕಟ್ಟುಕತೆ ಎಂದು ಹನಿಯಣ್ಣನಿಗೆ ಗೊತ್ತಿಲ್ಲವೇ? ಕೇಳಿದರೆ ತೊಳೆದ ಚಮಚಗಳನ್ನು ಒಂದೊಂದಾಗಿ ಒರೆಸುತ್ತಾರೆ. ಹೊರಗೆ ಬೆಳಕು ಹರಿದಿದೆ, ಹಾಲಿನ ವ್ಯಾನು ಬಂದು ಹೋಗುತ್ತದೆ. "ನನ್ನ ಹೆಂಡತಿ ಅಂಗಿಗೆ ಮಾಡಿದ್ದನ್ನೇ ಅವರು ಮೇಜಿಗೆ ಮಾಡಿದ್ರು," ಎನ್ನುತ್ತಾರೆ ಕೊನೆಗೆ. "ಗೊತ್ತು ಅಂತ ನಾನು ಹೇಳಿಲ್ಲ. ಹೇಳಿದ್ರೆ ಅವರಿಗೆ ನಾಚಿಕೆ ಆಗುತ್ತೆ, ನನಗೆ ಅಳು ಬರುತ್ತೆ."

ಹಾಗಾದರೆ ಇದನ್ನು ನಾನು ಪೇಪರಿನಲ್ಲಿ ಬರೆಯುವುದು ಬೇಡವೇ?

ಹನಿಯಣ್ಣ ಚಮಚ ಕೆಳಗಿಡುತ್ತಾರೆ. "ಇಲ್ಲ, ಬರೀರಿ. ಡಾಕ್ಟರು ರಜೆ ದಿನದ ಪೇಪರ್ ಪೂರ್ತಿ ಓದ್ತಾರೆ, ತಪ್ಪು ಹುಡುಕೋದಕ್ಕಾದ್ರೂ. ಬೆಳಿಗ್ಗೆ ಹೊತ್ತು ಮೂರನೇ ಗ್ಲಾಸಿಗೆ ನನ್ನ ಕೈ ಇನ್ನೂ ನಿಲ್ಲುತ್ತೆ ಅಂತ ಬರೀರಿ. ಒಂದೇ ಒಂದು ದಿನ ಈ ಹೊತ್ತಿಗೆ ಬರಲಿ. ಐದಕ್ಕೆ ಮೊದಲು ಕುಡಿಯೋ ಹಾಗಿಲ್ಲ ಅಂತಾರೆ, ಗೊತ್ತು. ಅಷ್ಟು ದೊಡ್ಡ ನಿಯಮ ಮಾಡಿದವರಿಗೆ ಇನ್ನೊಂದು ಸಣ್ಣದು ಮಾಡೋದು ಕಷ್ಟವಾ? ಒಂದು ಗ್ಲಾಸು ನಾನೇ ಹಾಕಿಕೊಡ್ತೀನಿ. ಚೆನ್ನಾಗಿದೆ ಅಂತ ಮಾತ್ರ ಅನ್ನಬಾರದು. ಮೊದಲಿನ ಹಾಗೆ ಬೈದು, ವಾಪಸ್ ಕಳಿಸಲಿ."